ಆರ್‌ನಲ್ಲಿ ಟೇಬಲ್ ಪ್ರಿಂಟ್: ಡೇಟಾ ಮುಟ್ಟದೆ ನೋಟ ಬದಲಿಸುವುದು

ಅಂಕಿಅಂಶಗಳ ವಿಶ್ಲೇಷಣೆಗೆ ಬಳಸುವ ಆರ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ 0.1 + 0.2 ಕೊಟ್ಟರೆ 0.3 ಎಂದು ಕಾಣುತ್ತದೆ. ಎಷ್ಟು ಅಂಕಿ ತೋರಿಸಬೇಕೆಂದು ಹೇಳುವ ಡಿಜಿಟ್ಸ್ ಅನ್ನು 17ಕ್ಕೆ ಏರಿಸಿದರೆ ಅದೇ ಉತ್ತರ 0.30000000000000004. ಮೆಮೊರಿಯಲ್ಲಿರುವ ಸಂಖ್ಯೆ ಎರಡೂ ಸಲ ಒಂದೇ. ಟೇಬಲ್ ಚೆನ್ನಾಗಿ ಕಾಣಲಿ ಎಂದು ಡೇಟಾವನ್ನೇ ರೌಂಡ್ ಮಾಡಿ ಉಳಿಸಿಕೊಳ್ಳುವವರು ಇದನ್ನು ಮರೆಯಬಾರದು. ಕಳೆದುಹೋದ ಅಂಕಿ ಮತ್ತೆ ಸಿಗುವುದಿಲ್ಲ.

ಆರ್‌ನ ಸೆಟ್ಟಿಂಗ್‌ಗಳನ್ನು ಬದಲಿಸುವ ಆಪ್ಷನ್ಸ್‌ನಲ್ಲಿರುವ ಡಿಜಿಟ್ಸ್ ದಶಮಾಂಶ ಸ್ಥಾನಗಳ ಲೆಕ್ಕವೆಂದು ಬಹಳ ಮಂದಿ ತಿಳಿಯುತ್ತಾರೆ. ಅದು ಸಾರ್ಥಕ ಅಂಕಿಗಳ (ಸೊನ್ನೆಯಲ್ಲದ ಮೊದಲ ಅಂಕಿಯಿಂದ ಎಣಿಸುವ ಅಂಕಿಗಳ) ಲೆಕ್ಕ, ಡಿಫಾಲ್ಟ್ 7. ನಿರ್ಧಾರವಾಗುವುದು ಇಡೀ ಕಾಲಂಗೆ ಒಟ್ಟಾಗಿ. ಒಂದು ಕಾಲಂನಲ್ಲಿ 1234.5678 ಮತ್ತು 0.00123 ಇವೆ ಎನ್ನಿ. ಸಣ್ಣ ಸಂಖ್ಯೆಗೆ ಐದು ದಶಮಾಂಶ ಸ್ಥಾನ ಬೇಕು, ಹಾಗಾಗಿ ದೊಡ್ಡದೂ 1234.56780 ಎಂದು ಉದ್ದವಾಗುತ್ತದೆ. ಚಿಕ್ಕದಾಗಲಿ ಎಂದು ಪ್ರಿಂಟ್‌ಗೆ ಡಿಜಿಟ್ಸ್ = 3 ಕೊಟ್ಟರೆ 1.23ಇ+03, 1.23ಇ-03 ಬರುತ್ತದೆ! ಇದು ವೈಜ್ಞಾನಿಕ ರೂಪ; ಇ+03 ಎಂದರೆ 10ರ 3ನೇ ಘಾತದಿಂದ ಗುಣಿಸಿದ್ದು. ಕಾರಣ ಅಗಲದ ಹೋಲಿಕೆ: ಸಾಮಾನ್ಯ ರೂಪಕ್ಕೆ 10 ಅಕ್ಷರ, ವೈಜ್ಞಾನಿಕ ರೂಪಕ್ಕೆ 8. ಕಡಿಮೆ ಜಾಗ ಹಿಡಿಯುವುದನ್ನೇ ಆರ್ ಆರಿಸುತ್ತದೆ. 100000 ಎಂಬುದು 1ಇ+05 ಆಗುವುದೂ, 123456 ಹಾಗೆಯೇ ಉಳಿಯುವುದೂ ಇದೇ ಲೆಕ್ಕದಿಂದ.

ಈ ತಕ್ಕಡಿಯನ್ನು ವಾಲಿಸುವುದು ಸೈಪೆನ್ ಎಂಬ ಸೆಟ್ಟಿಂಗ್: ಹೋಲಿಸುವಾಗ ವೈಜ್ಞಾನಿಕ ರೂಪದ ಅಗಲಕ್ಕೆ ಅಷ್ಟು ಅಕ್ಷರ ಸೇರಿಸುತ್ತದೆ. ಮೇಲಿನ ಕಾಲಂಗೆ ಆಪ್ಷನ್ಸ್‌ನಲ್ಲಿ ಸೈಪೆನ್ = 2 ಸಾಕು, ಸಾಮಾನ್ಯ ರೂಪ ಮರಳುತ್ತದೆ. 999 ಕೊಟ್ಟರೆ ವೈಜ್ಞಾನಿಕ ರೂಪದ ಕಾಟ ಹೆಚ್ಚುಕಡಿಮೆ ಇರುವುದೇ ಇಲ್ಲ. ಆದರೆ ಪಿ-ಮೌಲ್ಯಗಳಂಥ ಅತಿ ಸಣ್ಣ ಸಂಖ್ಯೆಗಳ ಮುಂದೆ ಸೊನ್ನೆಗಳ ಸಾಲೇ ಬೆಳೆಯುತ್ತದೆ.

ಎರಡೇ ದಶಮಾಂಶ ಬೇಕೆಂದರೆ ಮೊದಲು ರೌಂಡ್, ಆಮೇಲೆ ಫಾರ್ಮ್ಯಾಟ್‌ನಲ್ಲಿ ಎನ್‌ಸ್ಮಾಲ್ = 2. ಎನ್‌ಸ್ಮಾಲ್ ದಶಮಾಂಶ ಸ್ಥಾನಗಳ ಕನಿಷ್ಠ ಮಿತಿ ಮಾತ್ರ, ಹೆಚ್ಚಿನದನ್ನು ಅದು ಕತ್ತರಿಸುವುದಿಲ್ಲ. ಫಾರ್ಮ್ಯಾಟ್ ಆದ ಕಾಲಂ ಸಂಖ್ಯೆಯಾಗಿ ಉಳಿಯುವುದಿಲ್ಲ, ಪಠ್ಯವಾಗುತ್ತದೆ. ಅದನ್ನು ಕೂಡಿಸಹೋದರೆ ಎರರ್ ಬರುತ್ತದೆ, ಹೇಗೋ ಗೊತ್ತಾಗುತ್ತದೆ. ಸಂಖ್ಯೆಯನ್ನು ಪಠ್ಯವಾಗಿಸುವ ಇನ್ನೊಂದು ಫಂಕ್ಷನ್ ಸ್ಪ್ರಿಂಟ್‌ಎಫ್‌ನಿಂದ ಬಂದ ಕಾಲಂ ಅನ್ನು ಸಾರ್ಟ್ ಮಾಡಿದರೆ ಮಾತ್ರ, ಹೋಲಿಕೆ ಅಕ್ಷರಕ್ಕೆ ಅಕ್ಷರ ನಡೆಯುವುದರಿಂದ, ಯಾವ ಎಚ್ಚರಿಕೆಯೂ ಇಲ್ಲದೆ 10.00 ಎಂಬುದು 9.00ಕ್ಕಿಂತ ಮೊದಲು ಬಂದು ಕೂರುತ್ತದೆ. ಇಂಥ ಕಾಲಂಗಳನ್ನು ವಿಶ್ಲೇಷಣೆಯೆಲ್ಲ ಮುಗಿದ ಮೇಲೆ, ಬೇರೆ ಹೆಸರಿನ ಪ್ರತಿಯಲ್ಲಿ ಮಾಡಿ.

ಸಾಲು ಸಂಖ್ಯೆ ಬೇಡವೆಂದರೆ ಪ್ರಿಂಟ್‌ನಲ್ಲಿ ರೋ.ನೇಮ್ಸ್ = ಫಾಲ್ಸ್, ಪಠ್ಯ ಎಡಕ್ಕೆ ಒತ್ತಬೇಕಾದರೆ ರೈಟ್ = ಫಾಲ್ಸ್. ಕಾಲಂಗಳು ಮುರಿದು ಕೆಳಗಿಳಿಯುತ್ತಿದ್ದರೆ ವಿಡ್ತ್ ಹೆಚ್ಚಿಸಿ, ಡಿಫಾಲ್ಟ್ 80. ಎಷ್ಟರವರೆಗೆ ಪ್ರಿಂಟ್ ಮಾಡಬೇಕೆಂಬ ಮಿತಿ ಮ್ಯಾಕ್ಸ್.ಪ್ರಿಂಟ್; ಅದು ಎಣಿಸುವುದು ಸಾಲುಗಳನ್ನಲ್ಲ, ಕೋಶಗಳನ್ನು. ಮಿತಿ 99999 ಇದ್ದಾಗ 20 ಕಾಲಂಗಳ ಟೇಬಲ್ 4999 ಸಾಲಿಗೆ ನಿಲ್ಲುತ್ತದೆ.

ಟಿಬಲ್ ಎಂಬ ಪ್ಯಾಕೇಜ್ ಕೊಡುವ, ಅದೇ ಹೆಸರಿನ ಇನ್ನೊಂದು ಬಗೆಯ ಟೇಬಲ್‌ನ ದಾರಿ ಬೇರೆ. 20ಕ್ಕಿಂತ ಹೆಚ್ಚು ಸಾಲಿದ್ದರೆ 10 ಮಾತ್ರ ತೋರಿಸುತ್ತದೆ; ಪ್ರಿಂಟ್‌ಗೆ ಎನ್ = ಇನ್ಫ್, ವಿಡ್ತ್ = ಇನ್ಫ್ ಕೊಟ್ಟರೆ ಎಲ್ಲವೂ ಬರುತ್ತದೆ. 12345.67 ಅಲ್ಲಿ 12346. ಎಂದು ಕೊನೆಯ ಚುಕ್ಕಿಯೊಂದಿಗೆ ಕಾಣುತ್ತದೆ. ಮುಂದೆ ದಶಮಾಂಶ ಭಾಗವಿದೆ ಎಂಬುದಕ್ಕೆ ಆ ಚುಕ್ಕಿಯೇ ಗುರುತು. ಇಲ್ಲಿ ಡಿಜಿಟ್ಸ್ ಬದಲಿಸಿ ಪ್ರಯೋಜನವಿಲ್ಲ, ಟಿಬಲ್‌ಗೆ ಸಾರ್ಥಕ ಅಂಕಿಗಳನ್ನು ಹೇಳುವ ಪಿಲ್ಲರ್.ಸಿಗ್‌ಫಿಗ್ ಅನ್ನು 3ರಿಂದ ಏರಿಸಬೇಕು.

ಫಂಕ್ಷನ್ ಒಳಗೆ ಆಪ್ಷನ್ಸ್ ಬದಲಿಸುವುದಾದರೆ ಆಪ್ಷನ್ಸ್ ಹಿಂತಿರುಗಿಸುವ ಹಳೆಯ ಬೆಲೆಗಳನ್ನು ಒಂದು ವೇರಿಯಬಲ್‌ನಲ್ಲಿ ಹಿಡಿದಿಟ್ಟು, ಫಂಕ್ಷನ್ ಮುಗಿಯುವಾಗ ಕೆಲಸ ಮಾಡುವ ಆನ್.ಎಕ್ಸಿಟ್ ಮೂಲಕ ಮರಳಿ ಹಾಕಿ. ಇಲ್ಲದಿದ್ದರೆ ಆ ಸೆಷನ್ ಮುಗಿಯುವವರೆಗೂ ಉಳಿದೆಲ್ಲ ಟೇಬಲ್‌ಗಳ ರೂಪವೂ ಬದಲಾಗಿರುತ್ತದೆ.