ಲಂಟಾನ ಕಿತ್ತ ಮೇಲೆ ಶುರುವಾಗುವ ಕೆಲಸ

ಅಜ್ಜಿ ಕಥೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ, ಒಂದು ಗಿಳಿಯೊಳಗೆ ಇರುತ್ತದೆ. ನಮ್ಮ ಕಾಡುಗಳನ್ನು ಆವರಿಸಿರುವ ಕಳೆ ಲಂಟಾನದ ಪ್ರಾಣ ಅಷ್ಟು ದೂರ ಇಲ್ಲ. ಕಾಂಡ ಮುಗಿದು ಬೇರು ಶುರುವಾಗುವ ಜಾಗದಲ್ಲಿ, ಮಣ್ಣಿನಿಂದ ಎರಡು ಬೆರಳಿನಷ್ಟು ಕೆಳಗಿದೆ. ಚಿಗುರಬಲ್ಲ ಮೊಗ್ಗುಗಳು ಅಲ್ಲಿ ಸುಮ್ನೆ ಮಲಗಿರುತ್ತವೆ. ಮೇಲಿನ ಪೊದೆಯನ್ನು ಮಚ್ಚಿನಿಂದ ಸವರಿದರೆ ಅವೆಲ್ಲ ಎದ್ದುಬಿಡುತ್ತವೆ. ಮಳೆ ಬಿದ್ದರೆ ಸಾಕು, ಒಂದು ಕಾಂಡ ಇದ್ದ ಕಡೆ ಹಲವು ಚಿಗುರು. ಬೆಂಕಿ ಬಿದ್ದು ಮೇಲಿನದೆಲ್ಲ ಸುಟ್ಟುಹೋದರೂ ಬುಡದಿಂದ ಮತ್ತೆ ಬರುತ್ತದೆ.

ಕಾಡಿನಲ್ಲಿ ಕಳೆ ಕೀಳಲು ಬರುವ ಸ್ವಯಂಸೇವಕರಿಗೆ ಮೊದಲು ಹೇಳಿಕೊಡಬೇಕಾದ್ದು ಇದನ್ನೇ. ದೆಹಲಿ ವಿಶ್ವವಿದ್ಯಾಲಯದ ವಿಜ್ಞಾನಿ ಸಿ. ಆರ್. ಬಾಬು ಮತ್ತು ಅವರ ಜೊತೆಗಾರರು ಉತ್ತರಾಖಂಡದ ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಒಂದು ವಿಧಾನವನ್ನು ಮಾಡಿ ತೋರಿಸಿದರು. ಉದ್ದ ಹಿಡಿಯ ಗುದ್ದಲಿಯಿಂದ ಮಣ್ಣಿನೊಳಗೆ 3ರಿಂದ 5 ಸೆಂಟಿಮೀಟರ್ ಆಳದಲ್ಲಿ ತಾಯಿಬೇರನ್ನು ಕಡಿಯಬೇಕು. ಆಮೇಲೆ ಇಡೀ ಪೊದೆಯನ್ನು ಎತ್ತಿ, ಬೇರು ಮೇಲೆ ಬರುವ ಹಾಗೆ ತಲೆಕೆಳಗಾಗಿ ಇಡಬೇಕು. ಹಾಗೆ ಇಡದಿದ್ದರೆ ಒದ್ದೆ ನೆಲಕ್ಕೆ ತಾಗಿದ ಕಡೆ ಮತ್ತೆ ಬೇರು ಬಿಡಬಹುದು. ಅಷ್ಟೇ. ವಿಷ ಸಿಂಪಡಿಸಬೇಕಿಲ್ಲ, ದೊಡ್ಡ ಯಂತ್ರ ಬೇಕಿಲ್ಲ. ಜೆಸಿಬಿ ತಂದರೆ ಕೆಲಸ ಬೇಗ ಮುಗಿದ ಹಾಗೆ ಕಾಣುತ್ತದೆ ನಿಜ. ಆದರೆ ಅದು ಮಣ್ಣನ್ನೆಲ್ಲ ಕದಡುತ್ತದೆ, ನಡುವೆ ಬದುಕಿದ್ದ ನೆಲ್ಲಿ, ಮತ್ತಿ, ಹೊನ್ನೆಯ ಸಸಿಗಳನ್ನೂ ಎಳೆದು ಹಾಕುತ್ತದೆ. ಕೀಳುವುದಕ್ಕಿಂತ ಉಳಿಸುವುದು ಏನು ಎಂದು ಗೊತ್ತಿರುವ ಕೈ ಇಲ್ಲಿ ಬೇಕು.

ಲಂಟಾನ ನಮ್ಮ ಗಿಡ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ್ದು. 1800ರ ದಶಕದ ಆರಂಭದಲ್ಲಿ ಬ್ರಿಟಿಷರು ಇದನ್ನು ಅಂದದ ಗಿಡ ಎಂದು ಭಾರತಕ್ಕೆ ತಂದರು, ಬೇಲಿಗೂ ಹಾಕಿದರು. 1916ರ ಹೊತ್ತಿಗೆ ಕೊಡಗಿನ ಕಾಡುಗಳಲ್ಲಿ ಇದರ ಕಾಟದ ಬಗ್ಗೆ ಅರಣ್ಯಾಧಿಕಾರಿಗಳ ಪತ್ರಿಕೆಯಲ್ಲಿ ಲೇಖನವೇ ಬಂದಿತ್ತು. 1921ರಲ್ಲಿ ಹವಾಯಿಯಿಂದ ಒಂದು ಜಾತಿಯ ನೊಣ ತಂದು ಬಿಟ್ಟರು, ಲಂಟಾನದ ಕಾಯಿ ತಿಂದು ಹಾಕಲಿ ಅಂತ. ನೊಣ ಬದುಕಿತು, ಲಂಟಾನವೂ ಬದುಕಿತು. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಇದು ದೇಶದಲ್ಲಿ 1.5 ಲಕ್ಷ ಚದರ ಕಿಲೋಮೀಟರಿಗಿಂತ ಜಾಸ್ತಿ ಕಾಡನ್ನು ಆವರಿಸಿದೆ.

ಅದರ ಎಲೆಯಲ್ಲಿರುವ ವಿಷ ದನಗಳ ಪಿತ್ತಕೋಶ, ಯಕೃತ್ತುಗಳನ್ನು ಕೆಡಿಸುತ್ತದೆ. ತಿಂದ ದನದ ಚರ್ಮ ಬಿಸಿಲಿಗೆ ಸುಟ್ಟ ಹಾಗಾಗುತ್ತದೆ. ಹಾಗಾಗಿ ಮೇಯುವ ಪ್ರಾಣಿಗಳು ಪಕ್ಕದ ಹುಲ್ಲನ್ನು ತಿಂದು ಇದನ್ನು ಬಿಟ್ಟುಬಿಡುತ್ತವೆ. ಕಪ್ಪು ಹಣ್ಣನ್ನು ಮಾತ್ರ ಪಿಕಳಾರದಂಥ ಹಕ್ಕಿಗಳು ಇಷ್ಟಪಟ್ಟು ತಿಂದು, ಹೋದಲ್ಲೆಲ್ಲ ಬೀಜ ಹಾಕುತ್ತವೆ. ಪೊದೆ ದಟ್ಟವಾದ ಮೇಲೆ ಕೆಳಗೆ ಬಿಸಿಲು ಬೀಳುವುದಿಲ್ಲ, ಹುಲ್ಲು ಸಾಯುತ್ತದೆ. ಹುಲ್ಲಿಲ್ಲದ ಕಾಡಿನಲ್ಲಿ ಜಿಂಕೆ, ಕಾಟಿ, ಆನೆ ಏನು ತಿನ್ನಬೇಕು?

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಇದರ ವೇಗವನ್ನು ಅಳೆದಿದ್ದಾರೆ. 1997ರಲ್ಲಿ ಸಂಶೋಧಕರು ಗುರುತು ಹಾಕಿದ ತಾಕುಗಳಲ್ಲಿ 41% ಕಡೆ ಲಂಟಾನ ಇತ್ತು. 2008ರಲ್ಲಿ ಅವೇ ತಾಕುಗಳಿಗೆ ಮತ್ತೆ ಹೋದಾಗ 81%. ಹನ್ನೊಂದೇ ವರ್ಷ! ಈ ಅಂಕಿ ನನ್ನನ್ನು ಈಗಲೂ ಕಂಗೆಡಿಸುತ್ತದೆ.

ಏಕೆ ಹೀಗಾಯಿತು ಎಂದು ಅಲ್ಲಿನ ಸೋಲಿಗ ಬುಡಕಟ್ಟಿನವರನ್ನು ಕೇಳಿದರೆ ಅವರು ಬೆಂಕಿಯ ಮಾತು ತೆಗೆಯುತ್ತಾರೆ. ಹಿಂದೆ ಬೇಸಿಗೆಯ ಶುರುವಿನಲ್ಲೇ, ಒಣಗಿದ ತರಗೆಲೆ ಮತ್ತು ಹುಲ್ಲಿಗೆ ಸಣ್ಣ ಬೆಂಕಿ ಹಾಕುವ ರೂಢಿ ಇತ್ತು. ಅದಕ್ಕೆ ತರಗು ಬೆಂಕಿ ಎನ್ನುತ್ತಾರೆ. ಮೊಣಕಾಲೆತ್ತರಕ್ಕೂ ಏರದೆ ಹೋಗುವ ಆ ಬೆಂಕಿ ದೊಡ್ಡ ಮರಗಳಿಗೆ ಏನೂ ಮಾಡುತ್ತಿರಲಿಲ್ಲ, ಲಂಟಾನದ ಎಳೆ ಸಸಿಗಳನ್ನು ಮಾತ್ರ ಸುಡುತ್ತಿತ್ತು. ಬಲಿತ ಬೊಡ್ಡೆ ಬೆಂಕಿಯಲ್ಲೂ ಉಳಿಯುತ್ತದೆ, ಎಳೆ ಸಸಿಗೆ ಆ ಶಕ್ತಿ ಇಲ್ಲ. 1974ರಲ್ಲಿ ಬೆಟ್ಟ ವನ್ಯಧಾಮವಾಯಿತು, ತರಗು ಬೆಂಕಿ ನಿಂತಿತು. ಸಸಿಗಳು ಬೆಳೆದವು, ಪೊದೆಗಳಾದವು. ಈಗ ಒಣಗಿದ ಪೊದೆಗಳಿಗೆ ಬೆಂಕಿ ತಗುಲಿದರೆ ಅದು ನೆಲ ಬಿಟ್ಟು ಮರದ ಕೊಂಬೆಗೆ ಏರುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಇಂಥ ಪೊದೆಗಳ ಒಣ ಸೌದೆ ಹೇರಳವಾಗಿತ್ತು. ಹಾಗಾಗಿ ಇವತ್ತು ಹಳೆಯ ರೂಢಿಗೆ ಒಮ್ಮೆಗೇ ವಾಪಸ್ ಹೋಗಲು ಆಗುವುದಿಲ್ಲ. ಮೊದಲು ಕಿತ್ತು, ಹುಲ್ಲು ಬಂದ ಮೇಲೆ ಮಾತ್ರ ಆ ಬೆಂಕಿಯ ಬಗ್ಗೆ ಯೋಚಿಸಬಹುದು. ಆಗಲಾದರೂ ಸೋಲಿಗರ ಮಾತನ್ನು ಪರೀಕ್ಷೆ ಮಾಡಿ ನೋಡಬೇಕು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಎಲ್ಲ ಕಳೆಗೂ ಒಂದೇ ಮದ್ದು ಅಲ್ಲ. ಬಂಡೀಪುರ, ನಾಗರಹೊಳೆ, ವಯನಾಡಿನಲ್ಲಿ ಈಗ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರ ವೇಗವಾಗಿ ಹಬ್ಬುತ್ತಿದೆ. ಅದನ್ನು ಕಡಿದರೆ ಬುಡದಿಂದ ಗುಂಪುಗುಂಪಾಗಿ ಚಿಗುರುತ್ತದೆ. ಅದಕ್ಕೇ ಅದನ್ನು ಕಡಿಯದೆ, ನಿಂತ ಮರದ ಬುಡದಿಂದ ಸುಮಾರು ನಾಲ್ಕು ಅಡಿವರೆಗೆ ತೊಗಟೆಯನ್ನು ಸುತ್ತಲೂ ಪೂರ್ತಿ ಸುಲಿಯುತ್ತಾರೆ. ಎಲೆಯಲ್ಲಿ ತಯಾರಾದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ಆ ದಾರಿ ಕಡಿದುಹೋದರೆ ಬೇರು ಹಸಿದು, ಮರ ನಿಧಾನಕ್ಕೆ ಒಣಗುತ್ತದೆ. ಒಂದು ಎಳೆ ತೊಗಟೆ ಬಿಟ್ಟರೂ ಮರ ಉಳಿದುಕೊಳ್ಳುತ್ತದೆ.

ಕಿತ್ತ ದಿನ ಕಾಡು ಖಾಲಿ ಖಾಲಿ ಕಾಣುತ್ತದೆ. ಫೋಟೊ ತೆಗೆಯುವುದು ಆಗಲೇ. ಆದರೆ ಆ ಬರಿ ನೆಲದಲ್ಲಿ ಲಂಟಾನದ ಬೀಜ ಕೂತಿರುತ್ತದೆ. ಅದು ಬರದಿದ್ದರೆ ಬೇರೆ ಕಳೆ, ಯುಪಟೋರಿಯಂ ಬರುತ್ತದೆ, ಪಾರ್ಥೇನಿಯಂ ಬರುತ್ತದೆ. ಆ ಜಾಗವನ್ನು ಹುಲ್ಲು ಹಿಡಿಯಬೇಕು. ಹತ್ತಿರದಲ್ಲಿ ಊರಿನದೇ ಹುಲ್ಲು ಉಳಿದಿದ್ದರೆ ತಾನಾಗಿಯೇ ಬರುತ್ತದೆ, ಇಲ್ಲದಿದ್ದರೆ ಬೀಜ ತಂದು ಚೆಲ್ಲಬೇಕು. ಮುಂದಿನ ಮಳೆಗಾಲ, ಅದರ ಮುಂದಿನದು, ಮತ್ತೆ ಅದರಾಚೆಯದು, ಅದೇ ಜಾಗಕ್ಕೆ ಹೋಗಿ ಹೊಸ ಸಸಿ ಕೀಳಬೇಕು. ಒಂದೇ ವರ್ಷದ ಹಣ ಇಟ್ಟುಕೊಂಡು ಶುರುವಾಗುವ ಕೆಲಸದ ಬಗ್ಗೆ ನನಗೆ ನಂಬಿಕೆ ಬರುವುದಿಲ್ಲ. ನೂರು ಎಕರೆ ಒಮ್ಮೆ ಕೀಳುವುದಕ್ಕಿಂತ ಹತ್ತು ಎಕರೆಗೆ ಮತ್ತೆ ಮತ್ತೆ ಹೋಗುವುದು ಎಷ್ಟೋ ಮೇಲು.

ಹಾಗೆ ಮತ್ತೆ ಮತ್ತೆ ಹೋಗಬಲ್ಲವರು ಯಾರು? ನಗರದಿಂದ ವಾರಾಂತ್ಯಕ್ಕೆ ಬರುವ ನಮ್ಮಂಥವರ ಕೈಯಿಂದ ಒಂದಿಷ್ಟು ಆಗುತ್ತದೆ. ಉಳಿದದ್ದು ಅಲ್ಲೇ ಇರುವವರಿಂದಲೇ ಆಗಬೇಕು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು, ಅಂದರೆ ಊರಿನವರೇ ಸೇರಿ ಕಾಡನ್ನು ಬಳಸುವ, ನೋಡಿಕೊಳ್ಳುವ ಹಕ್ಕು ಸಿಕ್ಕಿತು. ಕಾಡು ನೋಡಿಕೊಳ್ಳುವ ಮಾತಿನಲ್ಲಿ ಅವರಿಗೆ ಜಾಗ ಇರಬೇಕು, ಕೆಲಸಕ್ಕೆ ಸರಿಯಾದ ಕೂಲಿಯೂ ಇರಬೇಕು. ಮಲೆ ಮಹದೇಶ್ವರ ಬೆಟ್ಟದ ಕಡೆ ಲಂಟಾನದ ಕೋಲನ್ನು ಬೇಯಿಸಿ, ಸಿಪ್ಪೆ ತೆಗೆದು, ಬಗ್ಗಿಸಿ ಕುರ್ಚಿ, ಬುಟ್ಟಿ ಮಾಡುತ್ತಾರೆ. ನೀಲಗಿರಿಯಲ್ಲಿ ಇದೇ ಕೋಲಿನಿಂದ ಮಾಡಿದ, ನಿಜವಾದ ಆನೆಯಷ್ಟೇ ದೊಡ್ಡ ಆನೆಗಳು 2021ರಲ್ಲಿ ಲಂಡನ್ನಿನ ಪಾರ್ಕುಗಳವರೆಗೂ ಹೋದವು. ಇದರಿಂದ ಮನೆಗಳಿಗೆ ನಾಲ್ಕು ಕಾಸು ಬರುತ್ತದೆ, ಅದು ದೊಡ್ಡದು. ಕುರ್ಚಿ ಮಾಡಿ ಕಾಡು ಖಾಲಿ ಮಾಡುತ್ತೇವೆ ಎಂದುಕೊಳ್ಳುವುದು ಬೇಡ, ಗಿಡ ಅಷ್ಟಿದೆ.

ಹೋಗುವ ಮನಸ್ಸಿದ್ದರೆ ಇಷ್ಟು ಗಮನಿಸಿ. ಅನುಮತಿ ಇಲ್ಲದೆ ಹುಲಿ ಕಾಡಿನೊಳಗೆ ಹೋಗುವಂತಿಲ್ಲ. ಪೊದೆಯಾಚೆ ಆನೆ ನಿಂತಿದ್ದರೂ ಕಾಣುವುದಿಲ್ಲ, ಹಾಗಾಗಿ ಫಾರೆಸ್ಟ್ ವಾಚರ್ ಮುಂದೆ ಹೋಗಿ ನೋಡಿ ಬಂದ ಮೇಲೆಯೇ ನಾವು ಹೆಜ್ಜೆ ಇಡಬೇಕು. ಕಾಂಡದಲ್ಲಿ ಕೊಕ್ಕೆಯಂಥ ಮುಳ್ಳಿದೆ, ದಪ್ಪ ಗ್ಲೌಸ್ ಮತ್ತು ತುಂಬು ತೋಳಿನ ಅಂಗಿ ಬೇಕು. ಕಾಯಿ ಹಣ್ಣಾಗುವ ಮೊದಲೇ ಕೀಳಬೇಕು. ಎರಡನೇ ವರ್ಷ ಹೋದಾಗ ಹಕ್ಕಿಗಳು ಕೂರುವ ಮರಗಳ ಕೆಳಗೆ ಮೊದಲು ಹುಡುಕಿ, ಹೊಸ ಸಸಿ ಜಾಸ್ತಿ ಸಿಗುವುದು ಅಲ್ಲೇ. ಎಲೆಗಳು ಎದುರುಬದುರು ಜೋಡಿಯಾಗಿರುತ್ತವೆ, ಮುಟ್ಟಿದರೆ ಒರಟು, ಅಂಚಿನಲ್ಲಿ ಗರಗಸದ ಹಲ್ಲು. ಅನುಮಾನ ಬಂದರೆ ಒಂದು ಎಲೆ ಹೊಸಕಿ ಮೂಸಿ. ಆ ಘಾಟು ವಾಸನೆ ಬಂತೋ, ಎರಡು ಬೆರಳಲ್ಲಿ ಹಿಡಿದು ಬೇರು ಸಮೇತ ಕಿತ್ತುಬಿಡಿ. ಒದ್ದೆ ಮಣ್ಣಿನಲ್ಲಿ ಸಲೀಸಾಗಿ ಬರುತ್ತದೆ.