ಎರಡೂ ಕೈ ತಲೆಯ ಮೇಲೆ: ಮೂರನೇದಾ, ಐದನೇದಾ?

ಪ್ರಶ್ನೆ: ಮಗಳು ಎರಡು ವರ್ಷದಿಂದ ಬ್ಯಾಲೆ ಕಲಿಯುತ್ತಿದ್ದಾಳೆ. ಎರಡೂ ಕೈಯನ್ನು ತಲೆಯ ಮೇಲೆ ದುಂಡಗೆ ಎತ್ತುವುದಕ್ಕೆ ಹಳೇ ಟೀಚರ್ ಐದನೇ ಪೊಸಿಷನ್ ಅಂತಿದ್ದರು. ಹೊಸ ಟೀಚರ್ ಅದನ್ನೇ ಮೂರನೇದು ಅಂತಾರೆ, ‘ನಮ್ಮದು ವಾಗನೋವಾ ಪದ್ಧತಿ’ ಅಂತಾರೆ. ಯಾರು ಸರಿ?

ಇಬ್ಬರೂ ಸರಿ. ಕಾಲಿನ ಐದು ಪೊಸಿಷನ್‌ಗಳು ಎಲ್ಲ ಕಡೆ ಒಂದೇ. ಕೈಯ ಲೆಕ್ಕ ಮಾತ್ರ ಬೇರೆ. ಇಟಲಿಯ ಬ್ಯಾಲೆ ಗುರು ಎನ್ರಿಕೊ ಚೆಕ್ಕೆಟ್ಟಿ ಪದ್ಧತಿಯಲ್ಲಿ ಕೈಗೂ ಐದು ಪೊಸಿಷನ್. ವಾಗನೋವಾ ಪದ್ಧತಿಯಲ್ಲಿ ಶುರುವಿನ ತಯಾರಿ ಭಂಗಿ ಒಂದು, ಆಮೇಲೆ ಮೂರೇ ಮೂರು. ಎರಡೂ ಕೈ ತಲೆಯ ಮೇಲೆ ಎತ್ತುವುದು ಎರಡೂ ಪದ್ಧತಿಯಲ್ಲಿ ಕೊನೆಯದು. ಅರಬೆಸ್ಕ್, ಅಂದರೆ ಒಂದು ಕಾಲಲ್ಲಿ ನಿಂತು ಇನ್ನೊಂದನ್ನು ಹಿಂದಕ್ಕೆ ಚಾಚುವ ಭಂಗಿ ಕೂಡ ಹಾಗೇ, ಅಲ್ಲಿ ಐದು, ಇಲ್ಲಿ ನಾಲ್ಕು. ಭರತನಾಟ್ಯದಲ್ಲಿ ಒಂದೊಂದು ಬಾನಿಯಲ್ಲಿ ಅಡವಿನ ಹೆಸರು, ಪಾಠದ ಕ್ರಮ ಬೇರೆ ಇರುತ್ತದಲ್ವಾ, ಹಾಗೆ ಅಂದುಕೊಳ್ಳಿ.

ಆದರೆ ಬರೀ ಹೆಸರು ಬದಲಾಯಿಸಿದ್ದಕ್ಕೆ ಅದು ಪದ್ಧತಿ ಆಗಲಿಲ್ಲ. ಅಗ್ರಿಪ್ಪಿನಾ ವಾಗನೋವಾ ಹುಟ್ಟಿದ್ದು 1879ರಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಅಲ್ಲಿನ ರಾಜಮನೆತನದ ಬ್ಯಾಲೆ ಶಾಲೆಯಲ್ಲಿ ಕಲಿತು 1897ರಲ್ಲಿ ಮರೀನ್ಸ್ಕಿ ಥಿಯೇಟರ್ ಸೇರಿದರು. ಜಿಗಿತದಲ್ಲಿ ಗಟ್ಟಿಗಿತ್ತಿ, ಒಂಟಿ ನೃತ್ಯದ ತುಣುಕುಗಳಿಗೆ ಹೆಸರುವಾಸಿ, ಆದರೂ ಅಗ್ರ ನರ್ತಕಿಗೆ ಕೊಡುವ ‘ಬಲೆರೀನಾ’ ಅನ್ನುವ ಪದವಿ ಕೈಗೆ ಬಂದಿದ್ದು 1915ರಲ್ಲಿ, ವೇದಿಕೆ ಬಿಡುವುದಕ್ಕೆ ಒಂದೇ ವರ್ಷ ಮೊದಲು. ಇಷ್ಟು ದುಡಿದರೂ ಯಾಕೆ ಮುಂದಕ್ಕೆ ಹೋಗುತ್ತಿಲ್ಲ ಅಂತ ಅವರು ತಮ್ಮನ್ನೇ ಕೇಳಿಕೊಂಡರು, ಬೇರೆ ನರ್ತಕಿಯರ ಮೈ ಚಲನೆಯನ್ನು ಕಣ್ಣಿಟ್ಟು ನೋಡತೊಡಗಿದರು, ಮುಖ್ಯವಾಗಿ ಚೆಕ್ಕೆಟ್ಟಿ ಹತ್ತಿರ ಕಲಿತ ಓಲ್ಗಾ ಪ್ರಿಯೊಬ್ರಜೆನ್ಸ್ಕಾಯಾ ಅವರನ್ನು. ಹಳೆಯ ಫ್ರೆಂಚ್ ಶೈಲಿಯಲ್ಲಿ ಕೈ ಮೆತ್ತಗೆ, ಚಂದ, ಆದರೆ ಮೊಣಕೈ ಜೋತು ಬೀಳುತ್ತಿತ್ತು. ಇಟಲಿಯವರ ತಿರುಗುವಿಕೆ ಬುಗುರಿಯ ಹಾಗೆ ಖಚಿತ, ಆದರೆ ಕೈ ಬಿರುಸು, ಜಿಗಿದಾಗ ಕಾಲು ಮಡಚಿಕೊಳ್ಳುತ್ತಿತ್ತು. ಎರಡರಲ್ಲೂ ಬೇಕಾದ್ದನ್ನು ಇಟ್ಟುಕೊಂಡು ಬೇಡದ್ದನ್ನು ಬಿಟ್ಟರು.

ಅವರು ಕಂಡುಕೊಂಡ ದೊಡ್ಡ ವಿಷಯ ಬೆನ್ನು. ಪಿರುಯೆಟ್, ಅಂದರೆ ಒಂದೇ ಕಾಲ ಮೇಲೆ ಸುತ್ತು ತಿರುಗುವಾಗ ಕಾಲೇ ಎಲ್ಲ ಮಾಡುತ್ತದೆ ಅಂತ ನಮಗೆ ಕಾಣುತ್ತದೆ. ನಿಜವಾಗಿ ಬೆನ್ನು ಗಟ್ಟಿಯಾಗಿ ಹಿಡಿದಿರಬೇಕು, ಕೈ ಸರಿಯಾದ ಹೊತ್ತಿಗೆ ಮುಚ್ಚಿ ತಿರುಗುವ ಬಲ ಕೊಡಬೇಕು, ತಲೆ ಕೊನೆಗೆ ಹೊರಟು ಮೊದಲು ತಲುಪಬೇಕು. ಅದಕ್ಕೇ ವಾಗನೋವಾ ಕ್ಲಾಸಿನಲ್ಲಿ ಕೈ ಅನ್ನೋದು ಸುಮ್ನೆ ಅಲಂಕಾರ ಅಲ್ಲ, ಅದಕ್ಕೂ ಕೆಲಸ ಇದೆ.

1921ರಿಂದ ತಾವು ಕಲಿತ ಶಾಲೆಯಲ್ಲೇ ಪಾಠ ಮಾಡಿದರು. ಹೆಸರಾಂತ ನರ್ತಕಿಯರಾದ ಮರೀನಾ ಸೆಮ್ಯೋನೋವಾ, ಗಲೀನಾ ಉಲಾನೋವಾ ತಯಾರಾದದ್ದು ವಾಗನೋವಾ ಕೈಯಲ್ಲೇ. ಪಾಠದ ಕ್ರಮವನ್ನು 1934ರಲ್ಲಿ ಪುಸ್ತಕವಾಗಿ ತಂದರು. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇದು: ನಾನು ಮಾಡಿದ ಹಾಗೆ ಮಾಡಿ ಅನ್ನುವುದು ಅವರಿಗೆ ಸಾಲುತ್ತಿರಲಿಲ್ಲ, ಒಂದು ಹೆಜ್ಜೆ ಯಾಕೆ ತಪ್ಪಿತು ಅನ್ನುವುದು ಮಕ್ಕಳಿಗೇ ಗೊತ್ತಾಗಬೇಕಿತ್ತು. 1738ರಲ್ಲಿ ಶುರುವಾದ ಆ ಶಾಲೆಗೆ 1957ರಲ್ಲಿ ಅವರದೇ ಹೆಸರಿಟ್ಟರು.

ಹಾಗಾಗಿ ಹೊಸ ಕ್ಲಾಸಿನಲ್ಲಿ ಮಗಳು ಹಿಂದಕ್ಕೆ ಹೋದಳು ಅಂತ ಅನ್ನಿಸಿದರೆ ಬೇಜಾರಾಗಬೇಡಿ. ಈ ಪದ್ಧತಿಯಲ್ಲಿ ಶುರುವಿನ ಪಾಠ ತುಂಬಾ ನಿಧಾನ. ಎರಡೂ ಕೈಯಲ್ಲಿ ಬಾರ್, ಅಂದರೆ ಆಸರೆಯ ಕಂಬಿ ಹಿಡಿದು, ಅದಕ್ಕೆ ಮುಖ ಮಾಡಿ ನಿಂತು, ಟಾಂಡ್ಯು ಅಂದರೆ ಕಾಲು ಚಾಚುವುದನ್ನು ಮೊದಲು ಬರೀ ಪಕ್ಕಕ್ಕೆ ಕಲಿಸುತ್ತಾರೆ. ಮುಂದೆ, ಹಿಂದೆ ಎಲ್ಲ ಆಮೇಲೆ. ಶಾಲೆಯ ಪೂರ್ತಿ ಪಾಠವೇ ಎಂಟು ವರ್ಷದ್ದು. ಎರಡು ಪದ್ಧತಿ ಬೆರೆತರೆ ಮಗು ಹಾಳಾಗುತ್ತದೆ ಅನ್ನುವ ಭಯವೂ ಬೇಡ, ವಾಗನೋವಾ ಪದ್ಧತಿ ಹುಟ್ಟಿದ್ದೇ ಬೆರೆಸಿದ್ದರಿಂದ. ಸ್ವಲ್ಪ ದಿನ ನಂಬರ್ ಗೊಂದಲ ಆಗುತ್ತದೆ, ಅಷ್ಟೇ.

ಮನೆಯಲ್ಲಿ ಒಂದು ನೋಡಿ. ಕೈ ಮೇಲೆತ್ತಿ ನಿಂತಾಗ, ತಲೆ ಎತ್ತದೆ ಬರೀ ಕಣ್ಣು ಮೇಲೆ ಮಾಡಿದರೆ ಅವಳಿಗೆ ತನ್ನ ಕೈ ಕಾಣಬೇಕು. ಕಾಣದಿದ್ದರೆ ಕೈ ಹಿಂದಕ್ಕೆ ಹೋಗಿದೆ, ಚೂರು ಮುಂದೆ ತರಲಿ.