ಹಳೇ ಜೀಪ್ ಚೆರೋಕಿಯ ಎಡಬ್ಲ್ಯು4: ಕೆಟ್ಟಿರುವುದು ಗೇರ್‌ಬಾಕ್ಸೋ, ವೈರೋ?

1987ರಿಂದ 2001ರವರೆಗೆ 4.0 ಲೀಟರ್ ಎಂಜಿನ್ನಿನ ಜೀಪ್ ಚೆರೋಕಿಗೆ ಬಂದ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಐಸಿನ್-ವಾರ್ನರ್ ಕಂಪನಿಯ ಎಡಬ್ಲ್ಯು4. ಗಟ್ಟಿಮುಟ್ಟಾದ ಬಾಕ್ಸ್ ಇದು. ಗೇರ್ ಸರಿಯಾಗಿ ಬೀಳದಿದ್ದಾಗ ಮೊದಲು ಅನುಮಾನಿಸಬೇಕಾದದ್ದು ವೈರು, ಸ್ವಿಚ್ಚುಗಳನ್ನು. ಬಾಕ್ಸ್ ಇಳಿಸುವ ಮಾತು ಕೊನೆಗೆ.

ಗೇರ್ ಬದಲಿಸುವುದು ಎಸ್1, ಎಸ್2 ಎಂಬ ಎರಡು ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ನಡೆಯುವ ಆಯಿಲ್ ವಾಲ್ವ್. 1ನೇ ಗೇರಿಗೆ ಎಸ್1ಗೆ ಮಾತ್ರ ಕರೆಂಟು, 2ಕ್ಕೆ ಎರಡಕ್ಕೂ, 3ಕ್ಕೆ ಎಸ್2ಗೆ ಮಾತ್ರ, 4ಕ್ಕೆ ಯಾವುದಕ್ಕೂ ಇಲ್ಲ. ಇಷ್ಟನ್ನು ಬಾಯಿಪಾಠ ಮಾಡಿ. ಇವಕ್ಕೆ ಕರೆಂಟು ಕೊಡುವ ಗೇರ್‌ಬಾಕ್ಸ್ ಕಂಪ್ಯೂಟರ್ ಸತ್ತಿದ್ದರೆ ಲಿವರಿನ ಡಿ ಸ್ಥಾನದಲ್ಲಿ ಗಾಡಿ 4ನೇ ಗೇರಿನಲ್ಲೇ ಹೊರಡುತ್ತದೆ. ಮಾಲೀಕರು ಅದನ್ನೇ 'ಪಿಕಪ್ ಇಲ್ಲ, ಕ್ಲಚ್ ಜಾರ್ತಿದೆ' ಅಂತಾರೆ. ಎಸ್2 ಸತ್ತರೆ 2, 3 ಎರಡೂ ಮಾಯ, 1ರಿಂದ ನೇರ 4ಕ್ಕೆ ಜಿಗಿತ.

ಈಗ ಪರೀಕ್ಷೆ. ಗೇರ್‌ಬಾಕ್ಸ್ ಕಂಪ್ಯೂಟರಿನ ಫ್ಯೂಸ್ ಕಿತ್ತು, ಖಾಲಿ ರಸ್ತೆಯಲ್ಲಿ ಕೈಯಿಂದಲೇ ಗೇರ್ ಹಾಕಿ ಓಡಿಸಿ. ಲಿವರ್ 1-2ರಲ್ಲಿದ್ದರೆ 1ನೇ ಗೇರ್, 3ರಲ್ಲಿದ್ದರೆ 3, ಡಿನಲ್ಲಿದ್ದರೆ 4 ಸಿಗಬೇಕು. ವೇಗದಲ್ಲಿರುವಾಗ ಮಾತ್ರ 1-2ಕ್ಕೆ ಎಳೆಯಬೇಡಿ. ಮೂರೂ ಬಿಗಿಯಾಗಿ ಬಿದ್ದರೆ ಬಾಕ್ಸಿನೊಳಗಿನ ಕ್ಲಚ್‌ಗಳು ಹೆಚ್ಚುಕಮ್ಮಿ ಸರಿಯಿವೆ, ತಪ್ಪು ಕರೆಂಟಿನ ಕಡೆ. ಇಲ್ಲೂ ಜಾರಿದರೆ, ಆಯಿಲ್ ಕಮ್ಮಿಯಿಲ್ಲ ಎಂದು ನೋಡಿಕೊಂಡ ಮೇಲಷ್ಟೇ ಬಾಕ್ಸ್ ಬಿಚ್ಚುವ ಯೋಚನೆ ಮಾಡಿ.

ಕರೆಂಟಿನ ಕಡೆ ಮೊದಲ ಆರೋಪಿ, ಲಿವರ್ ಯಾವ ಸ್ಥಾನದಲ್ಲಿದೆ ಎಂದು ತಿಳಿಸುವ ನ್ಯೂಟ್ರಲ್ ಸೇಫ್ಟಿ ಸ್ವಿಚ್. ಬಾಕ್ಸಿನ ಪಕ್ಕದಲ್ಲೇ, ಕೆಸರು ನೀರು ಬಡಿಯುವ ಜಾಗದಲ್ಲಿದೆ. ರಿವರ್ಸ್ ಲೈಟ್ ಹತ್ತದಿರುವುದು, ಪಾರ್ಕ್‌ನಲ್ಲಿ ಲಿವರ್ ಅಲ್ಲಾಡಿಸಿದರಷ್ಟೇ ಸ್ಟಾರ್ಟ್ ಆಗುವುದು ಇದರ ಗುರುತು. ಹೊಸದು ಕೊಳ್ಳುವ ಮುಂಚೆ ಬಿಚ್ಚಿ ನೋಡಿ: ಗ್ರೀಸ್ ಗಟ್ಟಿಯಾಗಿ ತಾಮ್ರದ ಪಟ್ಟಿಗಳು ಕಪ್ಪಾಗಿರುತ್ತವೆ. ಕಾಂಟ್ಯಾಕ್ಟ್ ಕ್ಲೀನರ್‌ನಿಂದ ತೊಳೆದು, ಹೊಸ ಡೈಎಲೆಕ್ಟ್ರಿಕ್ ಗ್ರೀಸ್ ಸವರಿದರೆ ಎಷ್ಟೋ ಸಲ ಸಾಕಾಗುತ್ತದೆ.

ಆಮೇಲೆ, ಥ್ರಾಟಲ್ ಎಷ್ಟು ತೆರೆದಿದೆ ಎಂದು ತಿಳಿಸುವ ಥ್ರಾಟಲ್ ಪೊಸಿಷನ್ ಸೆನ್ಸರ್. ಆಕ್ಸಿಲರೇಟರ್ ಪೆಡಲ್ ನಿಧಾನ ಒತ್ತುತ್ತಾ ಹೋದಂತೆ ವೋಲ್ಟೇಜ್ ಒಂದೇ ಸಮನೆ ಏರಬೇಕು. ನಡುವೆ ಮುಗ್ಗರಿಸಿದರೆ ಗೇರುಗಳೂ ಹಿಂದೆ ಮುಂದೆ ಒದ್ದಾಡುತ್ತವೆ. (1990ರವರೆಗಿನ ಗಾಡಿಗಳಲ್ಲಿ ಎಂಜಿನ್ನಿಗೊಂದು, ಗೇರ್‌ಬಾಕ್ಸಿಗೊಂದು ಪ್ಲಗ್ ಇದೆ, ಎರಡನ್ನೂ ಅಳೆಯಿರಿ.) ಸೊಲೆನಾಯ್ಡ್ ಒಂದೊಂದೂ 11ರಿಂದ 15 ಓಮ್ ತೋರಿಸಬೇಕು.

ಎಂಜಿನ್ನಿನ ಶಕ್ತಿಯನ್ನು ಆಯಿಲ್ ಮೂಲಕ ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಲಾಕ್ ಆಗದಿದ್ದರೆ, ಆ ಲಾಕಿಗೆಂದೇ ಇರುವ ಮೂರನೇ ಸೊಲೆನಾಯ್ಡ್‌ಗಿಂತ ಮುಂಚೆ ಬ್ರೇಕ್ ಪೆಡಲಿನ ಸ್ವಿಚ್ ನೋಡಿ. ಬ್ರೇಕ್ ಒತ್ತಿದೆ ಎಂಬ ಸುಳ್ಳು ಸುದ್ದಿ ಹೋಗುತ್ತಿದ್ದರೆ ಲಾಕಪ್ ಆಗುವುದೇ ಇಲ್ಲ.

ಕಡೆಗಣಿಸಬಾರದ ಇನ್ನೊಂದು, ಥ್ರಾಟಲಿನಿಂದ ಬಾಕ್ಸಿಗೆ ಹೋಗುವ ಥ್ರಾಟಲ್ ವಾಲ್ವ್ ಕೇಬಲ್. ಆಯಿಲ್ ಒತ್ತಡ ತೀರ್ಮಾನಿಸುವುದು ಅದೇ. ಸಡಿಲವಿದ್ದರೆ ಒತ್ತಡ ಸಾಲದೆ ಕ್ಲಚ್ ಸುಡುತ್ತದೆ. ಎಂಜಿನ್ ಆಫ್ ಮಾಡಿ, ಕೇಬಲಿನ ಗುಂಡಿ ಒತ್ತಿ ಅದರ ಹೊರಕವಚವನ್ನು ಹಿಂದಕ್ಕೆ ತಳ್ಳಿ, ಥ್ರಾಟಲ್ ಪೂರ್ತಿ ತೆರೆಯಿರಿ. ಟಿಕ್ ಟಿಕ್ ಎಂದು ತಾನೇ ಹೊಂದಿಕೊಳ್ಳುತ್ತದೆ.

ಆಯಿಲ್ ಡೆಕ್ಸ್‌ರಾನ್ ಜಾತಿಯದು, ಎಟಿಎಫ್+4 ಎಂಬ ಬೇರೆ ಜಾತಿಯ ಗೇರ್‌ಬಾಕ್ಸ್ ಆಯಿಲ್ ಬೇಡ. ಡ್ರೈನ್ ಪ್ಲಗ್ ಬಿಚ್ಚಿದರೆ ಇಳಿಯುವುದು ಸುಮಾರು ಅರ್ಧ, ಉಳಿದದ್ದು ಕನ್ವರ್ಟರಿನೊಳಗೇ ಇರುತ್ತದೆ. ಆದ್ದರಿಂದ ಆಯಿಲ್ ಕಪ್ಪಾಗಿದ್ದರೆ ಒಮ್ಮೆ ಬದಲಿಸಿ, ಕೆಲವು ದಿನ ಗಾಡಿ ಓಡಿಸಿ, ಮತ್ತೆ ಎರಡು ಮೂರು ಸಲ ಬದಲಿಸಬೇಕಾಗುತ್ತದೆ.